‘ಸ್ಕ್ರಿಪ್ಟೆಡ್ ಸೀರೀಸ್’ ಅಂದರೆ ನಿಜವಾಗಿ ಏನು? ಕನ್ನಡದಲ್ಲಿ ಏನನ್ನೋಣ?

ಪದಬುಟ್ಟಿ:
ಒಂದು ವಿಡಿಯೋ ಆ್ಯಪ್‌ನ ಮೆನು ಕನ್ನಡಕ್ಕೆ ಆಗಬೇಕಿದೆ. ಸಿನಿಮಾ, ಕ್ರೀಡೆ, ಸುದ್ದಿ ಎಲ್ಲ ಸಲೀಸು. ತೊಡಕಾಗಿರೋದು ‘ಸ್ಕ್ರಿಪ್ಟೆಡ್ ಸೀರೀಸ್’ ಅನ್ನೋ ಬಟನ್. ಅದರ ಪಕ್ಕದಲ್ಲೇ ‘ಅನ್‌ಸ್ಕ್ರಿಪ್ಟೆಡ್’ ಅಂತ ಇನ್ನೊಂದಿದೆ. ಯಂತ್ರಾನುವಾದ ‘ಲಿಪಿಬದ್ಧ ಸರಣಿ’ ಅಂತ ಕೊಟ್ಟಿದೆ. ಹಳೇ ಕಡತದಲ್ಲಿ ‘ಪೂರ್ವನಿಯೋಜಿತ ಸರಣಿ’ ಅಂತಿದೆ. ಎರಡೂ ಸರಿ ಕಾಣ್ತಿಲ್ಲ. ಇಂಗ್ಲಿಷ್ ಪದವನ್ನೇ ಕನ್ನಡ ಅಕ್ಷರದಲ್ಲಿ ಬರೆಯೋಣ ಅಂದ್ರೆ ಬಟನ್‌ಗೆ 18 ಯೂನಿಕೋಡ್ ಸಂಕೇತಗಳ ಮಿತಿ ಇದೆ. ವ್ಯಂಜನ, ಸ್ವರಚಿಹ್ನೆ, ಅರ್ಧಾಕ್ಷರದ ಗುರುತು, ಖಾಲಿ ಜಾಗ ಒಂದೊಂದನ್ನೂ ಬಿಡಿಯಾಗಿ ಎಣಿಸಿದರೆ ‘ಸ್ಕ್ರಿಪ್ಟೆಡ್ ಸೀರೀಸ್’ 19. ಅರ್ಥ ಮೊದಲು ಖಚಿತ ಆಗಲಿ, ಆಮೇಲೆ ಪದ ಹುಡುಕೋಣ.

ಹಳೇಟಿವಿ:
ಕಥೆ ಇದೆ, ಪಾತ್ರ ಇದೆ, ನಟರು ಆ ಪಾತ್ರ ಮಾಡ್ತಾರೆ. ಅದು ಸ್ಕ್ರಿಪ್ಟೆಡ್. ರಿಯಾಲಿಟಿ ಶೋ, ಹಾಡಿನ ಸ್ಪರ್ಧೆ, ಕ್ವಿಜ್, ಅಡುಗೆ ಕಾರ್ಯಕ್ರಮ, ಸಾಕ್ಷ್ಯಚಿತ್ರ ಅನ್‌ಸ್ಕ್ರಿಪ್ಟೆಡ್. ನಮ್ಮಲ್ಲಿ ಇದಕ್ಕೆ ಧಾರಾವಾಹಿ ಅಂತಾರೆ, ಮುಗೀತು.

ರಾಜಾಜಿನಗರ ರಘು:
ಅಷ್ಟು ಸುಲಭ ಇಲ್ಲ ಸಾರ್. ಕನ್ನಡದಲ್ಲಿ ‘ಸ್ಕ್ರಿಪ್ಟೆಡ್’ ಅನ್ನೋ ಪದ ಜನ ಬಳಸೋದು ಯಾವಾಗ ನೋಡಿ. ರಿಯಾಲಿಟಿ ಶೋನಲ್ಲಿ ಜಗಳ ಆದ ತಕ್ಷಣ ಕಾಮೆಂಟ್‌ನಲ್ಲಿ ‘ಎಲ್ಲಾ ಸ್ಕ್ರಿಪ್ಟೆಡ್ ಗುರು’ ಅಂತ ಬರುತ್ತೆ. ಅಂದ್ರೆ ನಮ್ಮ ಬಾಯಲ್ಲಿ ಅದರ ಅರ್ಥ ‘ಮೊದಲೇ ಮಾತಾಡಿಕೊಂಡಿದ್ದು’, ‘ಸುಳ್ಳು’. ಧಾರಾವಾಹಿಗೆ ಯಾರೂ ‘ಇದು ಸ್ಕ್ರಿಪ್ಟೆಡ್’ ಅನ್ನಲ್ಲ, ಅನ್ನೋ ಅಗತ್ಯವೇ ಇಲ್ಲ. ಹಾಗಾಗಿ ಮೆನುನಲ್ಲಿ ಆ ಪದ ಬಿದ್ರೆ ಓದುಗ ರಿಯಾಲಿಟಿ ಶೋ ಹುಡುಕ್ಕೊಂಡು ಅಲ್ಲಿಗೇ ಹೋಗ್ತಾನೆ.

ಪದಬುಟ್ಟಿ:
ಒಳ್ಳೇ ಮಾತು. ‘ಪೂರ್ವನಿಯೋಜಿತ’ ಕೂಡ ಅದೇ ದಾರಿ ಹಿಡಿದಿರಬೇಕು.

ಬರಹಪೆಟ್ಟಿಗೆ:
‘ಪೂರ್ವನಿಯೋಜಿತ’ ದಯವಿಟ್ಟು ತೆಗೆದುಹಾಕಿ. ಅದು ಪತ್ರಿಕೆಯ ಅಪರಾಧ ಪುಟದ ಪದ. ‘ಪೂರ್ವನಿಯೋಜಿತ ಕೃತ್ಯ’, ‘ಪೂರ್ವನಿಯೋಜಿತ ಸಂಚು’ ಅಂತ ಓದಿ ಓದಿ ಕಿವಿಗೆ ಹಾಗೇ ಕೂತಿದೆ. ಇನ್ನು ‘ಲಿಪಿಬದ್ಧ’ ಪೂರಾ ತಪ್ಪು. ಇಂಗ್ಲಿಷಿನಲ್ಲಿ ಸ್ಕ್ರಿಪ್ಟ್ ಅನ್ನೋ ಒಂದೇ ಪದಕ್ಕೆ ಬರವಣಿಗೆಯ ಲಿಪಿ ಅಂತಲೂ ನಾಟಕ, ಸಿನಿಮಾದ ಬರಹ ಅಂತಲೂ ಎರಡು ಅರ್ಥ. ಯಂತ್ರ ಮೊದಲನೇದನ್ನ ಎತ್ತಿಕೊಂಡಿದೆ. ಕನ್ನಡ ಲಿಪಿ, ಬ್ರಾಹ್ಮಿ ಲಿಪಿ ಅಂತೀವಲ್ಲ, ಅದು. ಟಿವಿಯ ಸ್ಕ್ರಿಪ್ಟಿಗೆ ನಮ್ಮಲ್ಲಿ ಒಂಟಿ ಪದವೇ ಇಲ್ಲ, ಕೆಲಸವನ್ನ ಒಡೆದು ಹೇಳ್ತೀವಿ: ಕಥೆ, ಚಿತ್ರಕಥೆ, ಸಂಭಾಷಣೆ. ಟೈಟಲ್ ಕಾರ್ಡಿನಲ್ಲಿ ಮೂರೂ ಬೇರೆ ಬೇರೆ ಸಾಲು.

ಎಡಿಟ್ ಟೇಬಲ್:
ಹಳೇಟಿವಿಯವರ ವ್ಯಾಖ್ಯೆಗೆ ಒಂದು ತಿದ್ದುಪಡಿ. ‘ಬರೆದದ್ದು ಇದ್ದರೆ ಸ್ಕ್ರಿಪ್ಟೆಡ್’ ಅಂತ ತಿಳಿದರೆ ಮೋಸ ಹೋಗ್ತೀರಿ. ಸಾಕ್ಷ್ಯಚಿತ್ರದ ನಿರೂಪಣೆ ಪದಪದವೂ ಬರೆದದ್ದೇ. ನಿರೂಪಕಿ ಟೆಲಿಪ್ರಾಂಪ್ಟರ್ ನೋಡಿ ಓದೋದೂ ಬರೆದದ್ದೇ. ಆದ್ರೂ ಅವು ಅನ್‌ಸ್ಕ್ರಿಪ್ಟೆಡ್ ಪಟ್ಟಿಯಲ್ಲೇ ಇರುತ್ತವೆ.

ಅಮೆರಿಕದ ರಾತ್ರಿ ಹರಟೆ ಕಾರ್ಯಕ್ರಮಗಳನ್ನ ತಗೊಳ್ಳಿ. ಪ್ರತಿ ಜೋಕಿಗೂ ಬರಹಗಾರರ ಒಂದು ತಂಡ ಇರುತ್ತೆ. 2023ರ ಮೇ 2ಕ್ಕೆ ಅಲ್ಲಿನ ಬರಹಗಾರರ ಸಂಘ ಮುಷ್ಕರಕ್ಕೆ ಇಳಿದಾಗ ಮೊದಲು ನಿಂತದ್ದೇ ಈ ಕಾರ್ಯಕ್ರಮಗಳು, ಯಾಕಂದ್ರೆ ಅವು ದಿನದ ಸುದ್ದಿ ಹಿಡಿದು ಅವತ್ತೇ ಬರೆಯುವಂಥವು. ಧಾರಾವಾಹಿಗಳಿಗೆ ಚಿತ್ರೀಕರಿಸಿಟ್ಟ ಕಂತು ಇತ್ತು, ಬಿಸಿ ತಟ್ಟೋದಕ್ಕೆ ತಿಂಗಳುಗಳೇ ಹಿಡಿದವು. ಅಷ್ಟೆಲ್ಲ ಬರಹ ಇದ್ದರೂ ರಾತ್ರಿ ಹರಟೆಯನ್ನ ಯಾರೂ ‘ಸ್ಕ್ರಿಪ್ಟೆಡ್ ಸೀರೀಸ್’ ಅನ್ನಲ್ಲ.

ತಾಳಮದ್ದಳೆ:
ಇದರ ಉಲ್ಟಾ ಉದಾಹರಣೆಯೂ ಉಂಟು ಮಾರಾಯ್ರೆ. ‘ಕರ್ಬ್ ಯುವರ್ ಎಂಥೂಸಿಯಾಸಂ’ ಅಂತ ಅಮೆರಿಕದ ಎಚ್‌ಬಿಒ ಚಾನೆಲಿನಲ್ಲಿ 2000ದಲ್ಲಿ ಶುರುವಾದ ಹಾಸ್ಯ ಸರಣಿ. ಅದರಲ್ಲಿ ಸಂಭಾಷಣೆ ಬರೆಯುವ ಕ್ರಮವೇ ಇಲ್ಲ. ದೃಶ್ಯದಲ್ಲಿ ಏನಾಗಬೇಕು ಎಂಬ ಸಾರಾಂಶ ಮಾತ್ರ, ಮಾತು ನಟರೇ ಆ ಕ್ಷಣಕ್ಕೆ ಕಟ್ಟುವುದು. ಆದರೂ ಅದು ಸ್ಕ್ರಿಪ್ಟೆಡ್ಡೇ. ವೇಷ, ಕುಣಿತ ಇಲ್ಲದೆ ಕೂತು ಆಡುವ ನಮ್ಮ ತಾಳಮದ್ದಳೆ ನೋಡಿದವರಿಗೆ ಇದು ಹೊಸತಲ್ಲ. ಪ್ರಸಂಗದ ಪದ್ಯ ಬರೆದದ್ದು, ಅರ್ಥಧಾರಿ ಆಡುವ ಅರ್ಥ ಆಶುವಾದದ್ದು. ಅರ್ಥಧಾರಿ ಎಷ್ಟೇ ವಾದ ಮಾಡಲಿ, ವಾಲಿ ವಧೆಯಲ್ಲಿ ವಾಲಿ ಬೀಳಲೇಬೇಕು. ಮುಂದೇನು ಎಂಬುದು ಮೊದಲೇ ನಿಶ್ಚಯ ಆಗಿದೆಯಾ ಇಲ್ಲವಾ, ಅಷ್ಟೇ ನೋಡಬೇಕಾದ್ದು. ಮಾತು ಬರೆದದ್ದಾ ಅಲ್ಲವಾ ಎಂಬುದು ಲೆಕ್ಕಕ್ಕಿಲ್ಲ.

ರಾಜಾಜಿನಗರ ರಘು:
ಹಾಗಿದ್ರೆ ರಿಯಾಲಿಟಿ ಶೋನಲ್ಲೂ ಯಾರು ಗೆಲ್ಲಬೇಕು ಅಂತ ಮೊದಲೇ ತೀರ್ಮಾನ ಆಗಿರುತ್ತೆ ಅಂತಾರಲ್ಲ ಜನ?

ಎಡಿಟ್ ಟೇಬಲ್:
ಗೆಲುವಿನ ಅನುಮಾನ ಪಕ್ಕಕ್ಕಿಡಿ, ಕೆಲಸ ನಡೆಯೋ ರೀತಿ ನೋಡಿ. ಧಾರಾವಾಹಿಯಲ್ಲಿ ಕಥೆ ಹುಟ್ಟೋದು ಕ್ಯಾಮೆರಾ ಓಡೋದಕ್ಕೆ ಮುಂಚೆ. ರಿಯಾಲಿಟಿಯಲ್ಲಿ ಕಥೆ ಹುಟ್ಟೋದು ಕ್ಯಾಮೆರಾ ನಿಂತ ಮೇಲೆ, ಎಡಿಟ್ ಕೋಣೆಯಲ್ಲಿ. ಚಿತ್ರೀಕರಣಕ್ಕೆ ಮುಂಚೆ ಅಲ್ಲಿ ಸಿದ್ಧ ಆಗೋದು ಸನ್ನಿವೇಶ ಮಾತ್ರ: ಟಾಸ್ಕ್ ಏನು, ಯಾರು ಯಾರ ಜೊತೆ ತಂಡ, ಊಟ ಎಷ್ಟು ಕೊಡೋದು, ಯಾವ ವಿಷಯ ಎತ್ತಿಸೋದು. ಗಂಟೆಗಟ್ಟಲೆ ಚಿತ್ರಣ ಬಂದ ಮೇಲೆ ಅದನ್ನ ಪೂರ್ತಿ ಬರಹಕ್ಕೆ ಇಳಿಸಿ, ಯಾವ ಮಾತು ಎಲ್ಲಿ ಅಂತ ಕಾಗದದ ಮೇಲೇ ಮೊದಲು ಜೋಡಿಸ್ತಾರೆ. ಅದಕ್ಕೆ ಪೇಪರ್ ಎಡಿಟ್ ಅಂತ ಹೆಸರು. ಒಂದು ರೀತಿ ಸ್ಕ್ರಿಪ್ಟನ್ನ ಕೊನೆಗೆ ಬರೆಯೋ ಕ್ರಮ ಅದು.

ಇದರಲ್ಲೇ ಕೈಚಳಕವೂ ಇದೆ. ಬೇರೆ ಬೇರೆ ಹೊತ್ತಿನಲ್ಲಿ ಆಡಿದ ತುಂಡು ಮಾತುಗಳನ್ನ ಅಂಟಿಸಿ ಒಂದೇ ವಾಕ್ಯ ಮಾಡೋದಕ್ಕೆ ‘ಫ್ರಾಂಕನ್‌ಬೈಟ್’ ಅಂತಾರೆ. ಪತ್ತೆ ಹಚ್ಚೋದು ಹೇಗೆ: ವಾಕ್ಯದ ನಡುವೆ ಮಾತಾಡುವವರ ಮುಖ ಬಿಟ್ಟು ಕೇಳುವವರ ಮುಖ, ಗೋಡೆ, ಗಡಿಯಾರ ತೋರಿಸ್ತಾರೆ. ಅದೇ ಜಾಗದಲ್ಲಿ ಹಿಂದಿನ ಫ್ಯಾನಿನ ಸದ್ದು, ಹಕ್ಕಿ ಸದ್ದು ಥಟ್ಟನೆ ಬದಲಾಗುತ್ತೆ. ದನಿಯ ಏರಿಳಿತ ವಾಕ್ಯದ ಕೊನೆಗೆ ಇಳೀಬೇಕಾದದ್ದು ಇಳಿಯಲ್ಲ. ಹೆಡ್‌ಫೋನ್ ಹಾಕಿ ಕೇಳಿದ್ರೆ ಬೆಸುಗೆ ಗೊತ್ತಾಗುತ್ತೆ. ಇದನ್ನ ಮೋಸ ಅನ್ನಿ, ತಕರಾರಿಲ್ಲ. ಸ್ಕ್ರಿಪ್ಟೆಡ್ ಅಂದ್ರೆ ಮಾತ್ರ ತಪ್ಪಾಗುತ್ತೆ.

ಹಳೇಟಿವಿ:
ಹಾಗಾದ್ರೆ ಅದನ್ನ ಜೋಡಿಸುವವರು ಬರಹಗಾರರಲ್ಲವೇ?

ಎಡಿಟ್ ಟೇಬಲ್:
ಸರಿಯಾದ ಜಾಗಕ್ಕೇ ಕೈ ಹಾಕಿದ್ರಿ. ‘ಅಮೆರಿಕಾಸ್ ನೆಕ್ಸ್ಟ್ ಟಾಪ್ ಮಾಡೆಲ್’ ಕಾರ್ಯಕ್ರಮದಲ್ಲಿ ಕಥೆ ಜೋಡಿಸುತ್ತಿದ್ದವರು 2006ರಲ್ಲಿ ಇದೇ ಬೇಡಿಕೆ ಇಟ್ಟು ಮುಷ್ಕರ ಹೂಡಿದರು: ನಾವು ಮಾಡ್ತಿರೋದೂ ಬರವಣಿಗೆ, ನಮ್ಮನ್ನೂ ಬರಹಗಾರರ ಒಪ್ಪಂದಕ್ಕೆ ಸೇರಿಸಿ ಅಂತ. ಆಗಲಿಲ್ಲ, ಕಾರ್ಯಕ್ರಮ ಅವರಿಲ್ಲದೆಯೇ ಮುಂದುವರಿಯಿತು. ‘ರೈಟರ್’ ಅನ್ನೋ ಹೆಸರು ಸಿಕ್ಕಿದರೆ ಕನಿಷ್ಠ ಸಂಭಾವನೆ, ಮರುಪ್ರಸಾರದ ಹಣ, ಆರೋಗ್ಯ ವಿಮೆ ಎಲ್ಲ ಸಿಗುತ್ತೆ. ರಿಯಾಲಿಟಿಯಲ್ಲಿ ಕಥೆ ಜೋಡಿಸುವವರಿಗೆ ಕೊಡೋ ‘ಸ್ಟೋರಿ ಪ್ರೊಡ್ಯೂಸರ್’ ಅನ್ನೋ ಹೆಸರಿಗೆ ಆ ಹಕ್ಕು ಇಲ್ಲ. ಸ್ಕ್ರಿಪ್ಟೆಡ್, ಅನ್‌ಸ್ಕ್ರಿಪ್ಟೆಡ್ ಅನ್ನೋ ಗೆರೆ ಅಲ್ಲಿ ಕಲೆಯ ಗೆರೆಗಿಂತ ಹೆಚ್ಚಾಗಿ ಸಂಬಳದ ಗೆರೆ. 2023ರಲ್ಲಿ ಬರಹಗಾರರ ಮುಷ್ಕರ 148 ದಿನ ನಡೀತು. ಅಷ್ಟೂ ದಿನ ರಿಯಾಲಿಟಿ ಶೋಗಳ ಕೆಲಸ ಸಾಗ್ತಾನೇ ಇತ್ತು.

ಬರಹಪೆಟ್ಟಿಗೆ:
ಇದು ಕಣ್ಣು ತೆರೆಸೋ ವಿಷಯ. ಪದದ ಹಿಂದೆ ಇಷ್ಟು ಅನ್ನದ ಪ್ರಶ್ನೆ ಇದೆ ಅಂತ ನಿಘಂಟು ಹೇಳಲ್ಲ.

ಮ್ಯೂನಿಕ್ ಮಲೆನಾಡು:
ಜರ್ಮನಿಯಲ್ಲಿ ಗೊಂದಲ ಇನ್ನೂ ಒಂದು ಮೆಟ್ಟಿಲು ಮೇಲೆ. ಇಲ್ಲಿ ‘ಸ್ಕ್ರಿಪ್ಟೆಡ್ ರಿಯಾಲಿಟಿ’ ಅನ್ನೋದು ಬೈಗುಳ ಅಲ್ಲ, ಒಂದು ಪ್ರಕಾರದ ಹೆಸರು. ಕಥೆ ಬರೆದದ್ದು, ನಟಿಸೋರು ಹವ್ಯಾಸಿಗಳು, ಕ್ಯಾಮೆರಾ ಮಾತ್ರ ಸಾಕ್ಷ್ಯಚಿತ್ರದ ಹಾಗೆ ಅಲುಗಾಡುತ್ತೆ. 2011ರಲ್ಲಿ ಶುರುವಾದ ‘ಬರ್ಲಿನ್ – ಟಾಗ್ ಉಂಟ್ ನಾಖ್ಟ್’ ಇದರ ಹೆಸರಾಂತ ಉದಾಹರಣೆ. ಬ್ರಿಟನ್‌ನಲ್ಲಿ ಮತ್ತೊಂದು ಬಗೆ: 2010ರ ‘ದಿ ಓನ್ಲಿ ವೇ ಈಸ್ ಎಸೆಕ್ಸ್’ನಲ್ಲಿ ಜನ ನಿಜವಾದವರು, ಸಂಬಂಧಗಳೂ ನಿಜ, ಆದರೆ ಭೇಟಿಗಳನ್ನ ಏರ್ಪಡಿಸಿರ್ತಾರೆ, ಹಾಗಂತ ಆರಂಭದಲ್ಲೇ ಹೇಳಿಯೂ ಬಿಡ್ತಾರೆ. ಅದಕ್ಕೆ ಅಲ್ಲಿ ‘ಸ್ಟ್ರಕ್ಚರ್ಡ್ ರಿಯಾಲಿಟಿ’ ಅಂತಾರೆ. ಪದಬುಟ್ಟಿಯವರೇ, ನಿಮ್ಮ ಆ್ಯಪ್‌ನಲ್ಲಿ ಇಂಥವು ಬಂದ್ರೆ ಮೊದಲನೇದು ಕಥೆಯ ಕಡೆ, ಎರಡನೇದು ರಿಯಾಲಿಟಿ ಕಡೆ ಹಾಕಿ.

ಹುಬ್ಬಳ್ಳಿ ಹುಡುಗಿ:
ಎಲ್ಲಾರೂ ಹೊರದೇಶದ ಮಾತ ಆಡಾಕತ್ತೀರಿ. ನಮ್ಮ ಚಾನೆಲ್ ಆಫೀಸಿನಾಗ ಏನಂತಾರ ಅದನ್ನ ಹೇಳ್ರಿ. ಅಲ್ಲಿ ‘ಫಿಕ್ಷನ್’, ‘ನಾನ್‌ಫಿಕ್ಷನ್’ ಅಂತ ಎರಡು ವಿಭಾಗ. ಧಾರಾವಾಹಿ ಎಲ್ಲಾ ಫಿಕ್ಷನ್. ಡಾನ್ಸ್, ಹಾಡು, ಕಾಮಿಡಿ ಸ್ಪರ್ಧಾ, ರಿಯಾಲಿಟಿ ಎಲ್ಲಾ ನಾನ್‌ಫಿಕ್ಷನ್. ಎರಡಕ್ಕೂ ಬ್ಯಾರೆ ಬ್ಯಾರೆ ಮುಖ್ಯಸ್ಥರು, ಬ್ಯಾರೆ ಬಜೆಟ್. ಅಮೆರಿಕದವರು ಸ್ಕ್ರಿಪ್ಟೆಡ್ ಅಂದದ್ದನ್ನ ನಮ್ಮ ಮಂದಿ ಫಿಕ್ಷನ್ ಅಂತಾರ, ಅಷ್ಟ.

ಬರಹಪೆಟ್ಟಿಗೆ:
ಒಪ್ಪಿದೆ, ಒಂದು ಎಚ್ಚರಿಕೆ ಬಿಟ್ಟು. ಫಿಕ್ಷನ್ ಅಂದ್ರೆ ‘ಕಾಲ್ಪನಿಕ’ ಅಂತ ಅನುವಾದ ಮಾಡಬೇಡಿ. 2019ರ ‘ಚೆರ್ನೋಬಿಲ್’ 5 ಕಂತಿನ ಸರಣಿ, ನಡೆದ ದುರಂತದ್ದು. ನಟರು, ಚಿತ್ರಕಥೆ ಎಲ್ಲ ಇದೆ, ಸ್ಕ್ರಿಪ್ಟೆಡ್. ಅದಕ್ಕೆ ‘ಕಾಲ್ಪನಿಕ ಸರಣಿ’ ಅಂತ ಹಣೆಪಟ್ಟಿ ಹಚ್ಚಿದರೆ ದುರಂತವೇ ಕಟ್ಟುಕತೆ ಅಂದಂತಾಗುತ್ತೆ. ನಮ್ಮ ಪೌರಾಣಿಕ ಧಾರಾವಾಹಿಗಳಿಗೆ ಆ ಪಟ್ಟಿ ಹಚ್ಚಿ ನೋಡಿ, ಮರುದಿನವೇ ದೂರು ಬರುತ್ತೆ.

ಹಳೇಟಿವಿ:
ಅದಕ್ಕೇ ನಾನು ಮೊದಲೇ ಹೇಳಿದ್ದು, ಧಾರಾವಾಹಿ ಅನ್ನಿ ಅಂತ. ಪೌರಾಣಿಕ, ಸಾಮಾಜಿಕ, ಐತಿಹಾಸಿಕ ಎಲ್ಲವೂ ಅದರಲ್ಲಿ ಸೇರುತ್ತೆ. ಟಿವಿ ಬರೋದಕ್ಕೆ ಮುಂಚಿನ ಪದ ಅದು. ವಾರಪತ್ರಿಕೆಗಳಲ್ಲಿ ಕಾದಂಬರಿ ವಾರವಾರ ಬರ್ತಿತ್ತಲ್ಲ, ಅದಕ್ಕೇ ಧಾರಾವಾಹಿ ಅಂತಿದ್ರು. ಧಾರೆಯಾಗಿ ಹರಿಯುವಂಥದ್ದು. ‘ಸಂಚಿಕೆ’ ಕೂಡ ಪತ್ರಿಕೆಯಿಂದಲೇ ಟಿವಿಗೆ ಬಂದದ್ದು.

ಟೈಮ್‌ಕೋಡ್:
ಧಾರಾವಾಹಿ ಸುಂದರ ಪದ, ಆದರೆ ಈ ಬಟನ್‌ಗೆ ಚಿಕ್ಕದಾಗುತ್ತೆ. ಅಕ್ಷರದ ಲೆಕ್ಕದಲ್ಲಲ್ಲ, ಅರ್ಥದಲ್ಲಿ. ಇಂಗ್ಲಿಷಿನಲ್ಲಿ ಸೀರಿಯಲ್ ಬೇರೆ, ಸೀರೀಸ್ ಬೇರೆ. ಸೀರಿಯಲ್ ಅಂದ್ರೆ ಕಥೆ ಕಂತಿನಿಂದ ಕಂತಿಗೆ ಮುಂದುವರೀತಾ ಹೋಗುತ್ತೆ, ಇವತ್ತಿನದು ತಪ್ಪಿದ್ರೆ ನಾಳೆ ಅರ್ಥ ಆಗಲ್ಲ. ಸೀರೀಸ್‌ನಲ್ಲಿ ಪಾತ್ರ, ಜಾಗ ಅವೇ ಇದ್ದರೂ ಆ ಕಂತಿನ ಕಥೆ ಆ ಕಂತಿಗೇ ಮುಗಿಯಬಹುದು. ‘ಮಾಯಾಮೃಗ’ ಧಾರಾವಾಹಿ, ಅದರಲ್ಲಿ ಎರಡು ಮಾತಿಲ್ಲ. ‘ಸಿಲ್ಲಿ ಲಲ್ಲಿ’, ‘ಪಾಪ ಪಾಂಡು’ ಯಾವ ಕಂತಿನಿಂದ ಬೇಕಾದ್ರೂ ನೋಡಬಹುದಾದವು. ಶಂಕರ್ ನಾಗ್ ಆಗುಂಬೆಯಲ್ಲಿ ಚಿತ್ರೀಕರಿಸಿದ ‘ಮಾಲ್ಗುಡಿ ಡೇಸ್’ನಲ್ಲಂತೂ ಊರು ಒಂದೇ, ಕಥೆ ಬದಲಾದ ಹಾಗೆ ಪಾತ್ರಗಳೂ ಬದಲಾಗುತ್ತವೆ. ಇವೆಲ್ಲ ಸ್ಕ್ರಿಪ್ಟೆಡ್ ಸೀರೀಸ್ ಅನ್ನೋ ದೊಡ್ಡ ಕೊಡೆ ಕೆಳಗೆ ಬರ್ತವೆ.

ಹಳೇಟಿವಿ:
ಆದರೆ ಜನ ‘ಪಾಪ ಪಾಂಡು’ವನ್ನೂ ಧಾರಾವಾಹಿ ಅಂತಲೇ ಅಂತಿದ್ರು. ಪದದ ಬೇರು ಏನೇ ಇರಲಿ, ಬಳಕೆ ಅದನ್ನ ಹಿಗ್ಗಿಸಿದೆ.

ಟೈಮ್‌ಕೋಡ್:
ಟಿವಿ ಮಟ್ಟಿಗೆ ನಿಜ. 8 ಕಂತಿನ ಪತ್ತೇದಾರಿ ವೆಬ್ ಸರಣಿಗೆ ಇವತ್ತು ಯಾರೂ ಧಾರಾವಾಹಿ ಅನ್ನಲ್ಲ. ಆ ಪದ ಕೇಳಿದ ಕೂಡಲೇ ಸಂಜೆ ಏಳರ ದಿನವಹಿ ಕಥೆ ಕಣ್ಮುಂದೆ ಬರುತ್ತೆ. ಆ್ಯಪ್‌ನಲ್ಲಿ ಎರಡೂ ಇರುತ್ತವಲ್ಲ.

ಹುಬ್ಬಳ್ಳಿ ಹುಡುಗಿ:
ದಿನವಹಿ ಧಾರಾವಾಹಿ ಅಂದ್ರ ಪೂರಾ ಬರದು ಮುಗಿಸಿ ಚಿತ್ರೀಕರಣ ಮಾಡ್ತಾರಂತ ತಿಳಕೊಂಡೀರೇನು? ಸ್ಕ್ರಿಪ್ಟೆಡ್ ಅನ್ನೂ ಮಾತು ಅಲ್ಲೂ ಸ್ವಲ್ಪ ಸಡಿಲೈತಿ.

ಎಡಿಟ್ ಟೇಬಲ್:
ಹೌದು, ಅದನ್ನೂ ಹೇಳಿಬಿಡ್ತೀನಿ. ಮೊದಲು ಕಥೆಯ ಎಳೆ, ಮುಂದಿನ ಕೆಲವು ವಾರ ಎತ್ತ ಸಾಗಬೇಕು ಅಂತ. ಅದರಿಂದ ‘ಒನ್‌ಲೈನ್’: ಪ್ರತಿ ಕಂತಿನಲ್ಲಿ ಯಾವ ದೃಶ್ಯ, ಎಲ್ಲಿ, ಯಾರಿದ್ದಾರೆ, ಏನಾಗುತ್ತೆ ಅನ್ನೋದು ದೃಶ್ಯಕ್ಕೊಂದೆರಡು ಸಾಲು. ಚಾನೆಲ್ ಒಪ್ಪಿದ ಮೇಲೆ ಚಿತ್ರಕಥೆ, ಕೊನೆಗೆ ಸಂಭಾಷಣೆ. ಕಥೆ, ಚಿತ್ರಕಥೆ, ಸಂಭಾಷಣೆ ಈ ಮೂರು ಕೆಲಸ ಮೂರು ಬೇರೆ ಜನರದ್ದಾಗಿರಬಹುದು. ಎಷ್ಟು ಬರೀಬೇಕು ಅನ್ನೋದಕ್ಕೆ ಲೆಕ್ಕ ಇದೆ. ನಮ್ಮ ಕೇಬಲ್ ಟಿವಿ ನಿಯಮದ ಪ್ರಕಾರ ಗಂಟೆಗೆ 12 ನಿಮಿಷಕ್ಕಿಂತ ಹೆಚ್ಚು ಜಾಹೀರಾತು ಹಾಕುವಂತಿಲ್ಲ. ಅದರಲ್ಲಿ 10 ವ್ಯಾಪಾರಿ ಜಾಹೀರಾತು, 2 ಚಾನೆಲ್‌ನ ಸ್ವಂತ ಪ್ರಚಾರ. ಅರ್ಧ ಗಂಟೆಯ ಸಮಯದಲ್ಲಿ ಉಳಿಯೋದು ಸುಮಾರು 24 ನಿಮಿಷ. ಅದರಲ್ಲಿ ಹಿಂದಿನ ಕಂತಿನ ನೆನಪು, ಶೀರ್ಷಿಕೆ, ನಾಳೆಯ ತುಣುಕು ಕಳೆದರೆ ಹೊಸ ಕಥೆಗೆ ಸಿಗೋದು 20ರ ಆಸುಪಾಸು.

ಕೆಟ್ಟು ಹೋಗೋದು ಸಂಭಾಷಣೆ ತಡವಾದಾಗ. ಚಿತ್ರೀಕರಿಸಿಟ್ಟ ಕಂತುಗಳ ದಾಸ್ತಾನಿಗೆ ‘ಬ್ಯಾಂಕಿಂಗ್’ ಅಂತಾರೆ. ಅದು ಒಂದೆರಡು ದಿನಕ್ಕೆ ಇಳಿದರೆ ಹಾಳೆ ನೇರ ಸೆಟ್ಟಿಗೇ ಬರುತ್ತೆ. ಕಲಿಯೋದಕ್ಕೆ ಹೊತ್ತಿಲ್ಲದೆ ಸಹಾಯಕ ನಿರ್ದೇಶಕರು ಕ್ಯಾಮೆರಾ ಹಿಂದೆ ನಿಂತು ಸಾಲು ಹೇಳಿಕೊಡ್ತಾರೆ, ನಟರು ಅದನ್ನೇ ಹಿಂಬಾಲಿಸ್ತಾರೆ. ಸಾಲು ಹೇಳೋರ ದನಿಯೂ ಮೈಕಿಗೆ ಸೇರೋದರಿಂದ ಸ್ಥಳದ ಧ್ವನಿ ಕೆಲಸಕ್ಕೆ ಬರಲ್ಲ, ಆಮೇಲೆ ಡಬ್ಬಿಂಗ್ ಮಾಡಲೇಬೇಕು. ನಟರ ಪ್ರತಿ ಮಾತಿಗೂ ಮೊದಲು ಅರೆಕ್ಷಣದ ತಡೆ ಕಾಣಿಸಿದ್ರೆ ಕಾರಣ ಇದೇ. ಯಾರಾದ್ರೂ ಬಾರದಿದ್ರೆ ಅವರ ದೃಶ್ಯ ಫೋನ್ ಮಾತಾಗುತ್ತೆ, ಇಲ್ಲಾ ಹಳೆಯ ದೃಶ್ಯದ ನೆನಪಾಗುತ್ತೆ.

ರಾಜಾಜಿನಗರ ರಘು:
ಓ, ಆ ತಡೆ ನಾಟಕೀಯತೆಗೆ ಅಂತ ಅಂದುಕೊಂಡಿದ್ದೆ!

ಮ್ಯೂನಿಕ್ ಮಲೆನಾಡು:
‘ಡ್ರಾಮಾ’ ಅನ್ನೋದನ್ನೂ ಯಾರಾದ್ರೂ ಬಿಡಿಸಿ. ಬ್ರಿಟನ್‌ನಲ್ಲಿ ಹಾಸ್ಯ ಬಿಟ್ಟು ಉಳಿದ ಕಥಾ ಸರಣಿಗೆಲ್ಲ ಡ್ರಾಮಾ ಅಂತಲೇ ಹೆಸರು.

ಬರಹಪೆಟ್ಟಿಗೆ:
ಕನ್ನಡಕ್ಕೆ ಅದು ಹೊಂದೋದಿಲ್ಲ. ನಾಟಕ ಅಂದರೆ ರಂಗದ ಮೇಲಿನದ್ದು, ‘ಡ್ರಾಮಾ ಮಾಡಬೇಡ’ ಅಂದರೆ ಸೋಗು. ಇಂಗ್ಲಿಷಿನವರಿಗೇ ಗಡಿ ಗಟ್ಟಿಯಿಲ್ಲ. ಅಮೆರಿಕದ ಟಿವಿ ಕಾರ್ಯಕ್ರಮಗಳ ಎಮ್ಮಿ ಪ್ರಶಸ್ತಿಗೆ 2015ರಲ್ಲಿ ಅರ್ಧ ಗಂಟೆಯದ್ದು ಕಾಮಿಡಿ, ಅದಕ್ಕಿಂತ ಉದ್ದದ್ದು ಡ್ರಾಮಾ ಅಂತ ನಿಯಮ ತಂದರು. ‘ಆರೆಂಜ್ ಈಸ್ ದ ನ್ಯೂ ಬ್ಲ್ಯಾಕ್’ 2014ರಲ್ಲಿ ಕಾಮಿಡಿ ವಿಭಾಗದಲ್ಲಿತ್ತು, 2015ರಲ್ಲಿ ಡ್ರಾಮಾಕ್ಕೆ ಹೋಯಿತು. ಆಮೇಲೆ ಆ ನಿಯಮವನ್ನೂ ಕೈಬಿಟ್ಟರು.

ಟೈಮ್‌ಕೋಡ್:
ಅದೇ ಉಸಿರಿನಲ್ಲಿ ಇನ್ನೊಂದು. ಬ್ರಿಟಿಷರು ‘ಸೀರೀಸ್ 2’ ಅಂದರೆ ಅಮೆರಿಕದವರ ‘ಸೀಸನ್ 2’. ‘ಫಾಲ್ಟಿ ಟವರ್ಸ್’ಗೆ ಎರಡು ಸೀರೀಸ್ ಅಂತ ಓದಿ ಎರಡು ಬೇರೆ ಕಾರ್ಯಕ್ರಮ ಅಂದುಕೊಳ್ಳಬೇಡಿ. 1975ರಲ್ಲಿ 6 ಕಂತು, 1979ರಲ್ಲಿ 6 ಕಂತು, ಒಂದೇ ಕಾರ್ಯಕ್ರಮ. ಮೂಲ ಪಠ್ಯ ಬ್ರಿಟಿಷ್ ಆಗಿದ್ದರೆ ಅದನ್ನ ಸರಣಿ ಅಂತ ಮಾಡದೆ ‘ಸೀಸನ್’ ಅಂತಲೇ ಬರೀರಿ. ಇಲ್ಲಿ ಸೀಸನ್ ಅಂದ್ರೆ ಋತು ಅಲ್ಲ. ನಮ್ಮ ದೂರದರ್ಶನ ಒಂದು ಧಾರಾವಾಹಿಗೆ 13 ಕಂತು ಕೊಡ್ತಿದ್ದ ಲೆಕ್ಕಕ್ಕೂ ಋತುವಿಗೂ ಸಂಬಂಧ ಇಲ್ಲ, ವಾರಕ್ಕೊಂದರಂತೆ ವರ್ಷದ ಕಾಲು ಭಾಗ, ಅಷ್ಟೇ. ‘ಋತು 2’ ಅಂತ ಅನುವಾದ ಮಾಡಿರೋದನ್ನೂ ನೋಡಬಹುದು. ಓದೋಕೆ ಆಗಲ್ಲ.

ಪದಬುಟ್ಟಿ:
ಎಲ್ಲರಿಗೂ ಧನ್ಯವಾದ. ‘ಕಥಾ ಸರಣಿ’ ಅಂತ ಇಟ್ಟರೆ ಹೇಗೆ? ಬರೀ 8 ಸಂಕೇತ. ‘ಕಾಲ್ಪನಿಕ’ದ ತೊಂದರೆ ಇಲ್ಲ, ‘ಲಿಪಿ’ಯ ಗೊಂದಲ ಇಲ್ಲ, ದಿನವಹಿ ಧಾರಾವಾಹಿ, ವೆಬ್ ಸರಣಿ ಎರಡೂ ಹಿಡಿಸುತ್ತವೆ.

ಹಳೇಟಿವಿ:
ಕಥಾ ಸರಣಿ ಅಂದ್ರೆ ಪುಸ್ತಕ ಅನ್ನಿಸಲ್ವಾ? ಸಣ್ಣಕಥೆಗಳ ಮಾಲೆ ಇದ್ದ ಹಾಗೆ.

ತಾಳಮದ್ದಳೆ:
ಬರೇ ಪದ ಓದಿದರೆ ಹೌದು. ಆದರೆ ವಿಡಿಯೋ ಆ್ಯಪಿನ ಒಳಗೆ, ಸಿನಿಮಾ ಮತ್ತು ಕ್ರೀಡೆಯ ನಡುವೆ ನಿಂತ ಬಟನ್ ನೋಡಿ ಪುಸ್ತಕ ಅಂತ ಯಾರೂ ಎಣಿಸುವುದಿಲ್ಲ. ಆಡಿಯೋ ಪುಸ್ತಕವೂ ಅದೇ ಆ್ಯಪಲ್ಲಿ ಉಂಟಾದರೆ ಮಾತ್ರ ಯೋಚಿಸಬೇಕು.

ಹಳೇಟಿವಿ:
ಹಾಗಾದ್ರೆ ಒಂದು ಕೆಲಸ ಮಾಡಿ. ಬಟನ್ ಮೇಲೆ ‘ಕಥಾ ಸರಣಿ’ ಇರಲಿ, ಹುಡುಕು ಪೆಟ್ಟಿಗೆಯಲ್ಲಿ ‘ಧಾರಾವಾಹಿ’, ‘ಸೀರಿಯಲ್’, ‘ವೆಬ್ ಸೀರೀಸ್’ ಯಾವುದು ಟೈಪ್ ಮಾಡಿದರೂ ಅಲ್ಲಿಗೇ ಬರುವಂತೆ ಜೋಡಿಸಿ. ಅಮ್ಮಂದಿರು ಹುಡುಕೋದು ‘ಧಾರಾವಾಹಿ’ ಅಂತಲೇ.

ಪದಬುಟ್ಟಿ:
ಖಂಡಿತ, ಸಮಾನಪದಗಳ ಪಟ್ಟಿ ಸೇರಿಸೋಕೆ ಅವಕಾಶ ಇದೆ. ಹಾಗಾದ್ರೆ ಪಕ್ಕದ ‘ಅನ್‌ಸ್ಕ್ರಿಪ್ಟೆಡ್’?

ಬರಹಪೆಟ್ಟಿಗೆ:
‘ಕಥೇತರ’ ಅನ್ನಬಹುದು, ವ್ಯಾಕರಣ ಸರಿ ಇದೆ. ಆದರೆ ಬಟನ್‌ಗೆ ಅದು ಒಣ ಪದ. ‘ಇದಲ್ಲದ್ದು’ ಅಂತ ಹೆಸರಿಟ್ಟರೆ ಯಾರು ಒತ್ತುತ್ತಾರೆ? ಒಳಗಿರೋದನ್ನೇ ಹೇಳಿ: ‘ರಿಯಾಲಿಟಿ ಶೋ’.

ಎಡಿಟ್ ಟೇಬಲ್:
ಆ ವಿಭಾಗದಲ್ಲಿ ಸಾಕ್ಷ್ಯಚಿತ್ರಗಳೂ ಇದ್ದರೆ ‘ರಿಯಾಲಿಟಿ ಶೋ’ ತಪ್ಪಾಗುತ್ತೆ. ಎರಡಾಗಿ ಒಡೆಯೋಕೆ ಕೇಳಿ.

ಯಾವುದು ಎಲ್ಲಿ ಅಂತ ಅನುಮಾನ ಬಂದಾಗ ಕೊನೆಯ ಟೈಟಲ್ ಕಾರ್ಡ್ ನಿಲ್ಲಿಸಿ ನೋಡಿ. ‘ತಾರಾಗಣ’ ಅಂತ ಪಾತ್ರದ ಹೆಸರು, ನಟರ ಹೆಸರು ಅಕ್ಕಪಕ್ಕ ಇದ್ದರೆ ಕಥಾ ಸರಣಿ. ‘ಸ್ಪರ್ಧಿಗಳು’, ‘ಅತಿಥಿಗಳು’, ‘ನಿರೂಪಣೆ’ ಇದ್ದರೆ ಅಲ್ಲ. ಅಪರಾಧ ಸುದ್ದಿಯ ಕಾರ್ಯಕ್ರಮದಲ್ಲಿ ಘಟನೆಯ ಮರುಸೃಷ್ಟಿಗೆ ನಟರನ್ನ ಬಳಸಿದ್ರೂ ಕಾರ್ಯಕ್ರಮ ನಡೆಸೋದು ನಿರೂಪಕ, ಹಾಗಾಗಿ ಸುದ್ದಿಯ ಕಡೆಗೇ.

ಪದಬುಟ್ಟಿ:
ಒಡೆಯೋಕೆ ಒಪ್ಪಿದ್ದಾರೆ. ‘ಸಾಕ್ಷ್ಯಚಿತ್ರ ಸರಣಿ’ ಎಣಿಸಿದೆ, 17.

ಟೈಮ್‌ಕೋಡ್:
ಮಿತಿಯೊಳಗೆ ಬಂತು, ಆದರೆ ‘ಕ್ಷ್ಯ’ ಒತ್ತಿನ ಮೇಲೆ ಒತ್ತು. ಬಟನ್‌ನ ಎತ್ತರ ಇಂಗ್ಲಿಷ್ ಅಕ್ಷರಕ್ಕೆ ಅಂತ ಇಟ್ಟಿದ್ದರೆ ಕೆಳಗಿನ ಯ-ಒತ್ತು ಕತ್ತರಿಸಿ ಹೋಗುತ್ತೆ. ಸಾಲಿನ ಎತ್ತರ ಅಕ್ಷರಗಾತ್ರದ ಒಂದೂವರೆಪಟ್ಟಾದ್ರೂ ಇಡೋಕೆ ಹೇಳಿ. ಅಗ್ಗದ ಫೋನಿನಲ್ಲಿ ಒಮ್ಮೆ ತೆರೆದು ನೋಡಿಯೇ ಒಪ್ಪಿಸಿ.